ಮಾವನ ಇರುವೆಗಳಿಗೆ ಚಳಿಗಾಲ

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎನ್ನುವವರ ಮಾತನ್ನು ನಾನು ಒಪ್ಪುವುದೇ ಇಲ್ಲ. ಕೆಡಬೇಕಾದರೆ ಮೊದಲು ಸರಿಯಿರಬೇಕಲ್ಲ!

ಅರ್ಚಕರ ಮನೆತನ, ಶಾಲೆಯಲ್ಲಿ ವಿಜ್ಞಾನದ ಮಾಸ್ಟ್ರು. ಮಂಗಳೂರಿನಲ್ಲಿ ಅವರ ಮನೆ ನಮ್ಮ ಮನೆಯ ಹಿಂದೆಯೇ. ಊರವರೆಲ್ಲ ನಾಯಿ ಸಾಕಿದರೆ ಇವರು ಸಾಕಿದ್ದು ಕಟ್ಟಿರುವೆ! ಬಿಸ್ಕತ್ತಿನ ಗಾಜಿನ ಭರಣಿ, ಅದರೊಳಗೆ ಮಣ್ಣು, ಮಣ್ಣಿನೊಳಗೆ ಒಂದು ರಾಣಿ ಮತ್ತು ಅದರ ಪರಿವಾರ. ಅಡುಗೆಮನೆಯಲ್ಲಿ ಅತ್ತೆ ಇರುವೆಗೆ ಹೆದರಿ ಬೆಲ್ಲದ ಡಬ್ಬವನ್ನು ನೀರಿನ ತಟ್ಟೆಯಲ್ಲಿಡುವುದು. ಮಾವ ಅದೇ ಬೆಲ್ಲ ಕದ್ದು ಜಗಲಿಯಲ್ಲಿ ಇರುವೆಗೆ ಬಡಿಸುವುದು. ಅಂಥ ಮನೆಯಲ್ಲಿ ಶಾಂತಿ ಎಲ್ಲಿಂದ ಬರಬೇಕು, ಹೇಳಿ!

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಒಂದು ಡಿಸೆಂಬರ್. ಮಾವ ಯಾವುದೋ ಇಂಗ್ಲಿಷ್ ಪುಸ್ತಕ ಓದಿ ಮಂಕಾಗಿ ಕುಳಿತಿದ್ದರು. ಚಳಿಗಾಲದಲ್ಲಿ ಇರುವೆಗಳು ನಿದ್ದೆ ಮಾಡಲೇಬೇಕಂತೆ, ಇಲ್ಲದಿದ್ದರೆ ರಾಣಿಯ ಆಯುಷ್ಯ ಕಡಿಮೆಯಂತೆ.

"ಇಲ್ಲಿ ಚಳಿ ಎಲ್ಲಿ ಉಂಟು ಮಾರಾಯ?" ಎಂದರು, ಬೈರಾಸಿನಿಂದ ಬೆವರು ಒರೆಸುತ್ತ.

"ಇವು ನಮ್ಮ ಹಲಸಿನ ಮರದ ಇರುವೆ ಅಲ್ವಾ ಮಾವ? ಇವುಗಳ ಅಜ್ಜಿ ಚಳಿ ಕಂಡದ್ದುಂಟಾ?"

"ನಿನಗೆಂತ ಗೊತ್ತು? ಪುಸ್ತಕದಲ್ಲಿ ಉಂಟು!"

ಕೊನೆಗೆ ಚಳಿ ಸಿಕ್ಕಿದ್ದು ಬಂದರಿನಲ್ಲಿ. ಮಾವನ ಸ್ನೇಹಿತರಾದ ಮೀನಿನ ವ್ಯಾಪಾರಿ ಬ್ಯಾರಿಯವರೊಬ್ಬರು ತಮ್ಮ ಐಸಿನ ಕೋಣೆಯಲ್ಲಿ, ಬಂಗುಡೆ ಪೆಟ್ಟಿಗೆಗಳ ನಡುವೆ, ಭರಣಿಗೆ ಜಾಗ ಮಾಡಿಕೊಟ್ಟರು.

"ಇರಲಿ ಮಾಸ್ಟ್ರೇ. ಆದರೆ ನಿಮ್ಮವರು ಎದ್ದು ನನ್ನ ಮೀನಿಗೆ ಬಾಯಿ ಹಾಕಿದರೆ ನಾನು ಸುಮ್ಮನಿರಲಿಕ್ಕಿಲ್ಲ!"

"ನಮ್ಮವರು ಸಸ್ಯಾಹಾರಿಗಳು" ಎಂದರು ಮಾವ. ಶುದ್ಧ ಸುಳ್ಳು! ಹಿಂದಿನ ದಿನವಷ್ಟೇ ಆ ಪರಿವಾರ ಒಂದು ಇಡೀ ಜಿರಳೆಯನ್ನು ಮುಗಿಸಿತ್ತು.

ವಾರ ಕಳೆದು, ದಾರಿಯ ಬಿಸಿಲು ತಾಗಬಾರದೆಂದು ಐಸಿನ ಜತೆ ಗೋಣಿಯಲ್ಲಿ ಸುತ್ತಿ ಭರಣಿಯನ್ನು ಮನೆಗೆ ತಂದರು. ಅತ್ತೆ ಬಾಗಿಲಲ್ಲೇ ತಡೆದರು.

"ಮೀನಿನ ಪಕ್ಕ ಮಲಗಿ ಬಂದ ರಾಣಿ ಹಾಗೇ ಒಳಗೆ ಬರುವುದುಂಟಾ? ನಿಲ್ಲಿ, ಅರಸಿನ ನೀರು ಚಿಮುಕಿಸ್ತೇನೆ."

"ಅಯ್ಯೋ ಮಾರಾಯ್ತಿ! ಅರಸಿನ ಹಾಕುವುದು ಇರುವೆ ಓಡಿಸಲಿಕ್ಕೆ!"

ಆದರೆ ಓಡಲು ಯಾರಿದ್ದರು? ಗೋಣಿ ಬಿಚ್ಚಿ ನೋಡಿದರೆ ಎಲ್ಲ ಕಾಲು ಮಡಚಿ ಬಿದ್ದಿದ್ದವು, ರಾಣಿಯೂ ಕೂಡ. ಗಾಜು ತಟ್ಟಿದರೂ ಅಲುಗಲಿಲ್ಲ. ಮಾವ ಭರಣಿಯನ್ನು ಕೆಳಗಿಟ್ಟು ಜಗಲಿಯಲ್ಲಿ ಕುಸಿದರು. "ನಾನೇ ಕೊಂದೆ" ಎಂದರು. ಕೊಟ್ಟ ಕಾಫಿ ಮುಟ್ಟಲಿಲ್ಲ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ನೋಡುತ್ತೇನೆ, ಭರಣಿ ಅಲ್ಲಿಲ್ಲ! ಲೋಟ ಇಡಲು ಒಳಗೆ ಹೋದರೆ, ನಮ್ಮನ್ನೇ ಹೊಸ್ತಿಲು ದಾಟಲು ಬಿಡದ ಆ ಮಡಿಯ ಅಡುಗೆಮನೆಯಲ್ಲಿ, ಒಲೆಯ ಪಕ್ಕ ಅತ್ತೆ ಕೂತಿದ್ದಾರೆ. ಮೀನು ನಾರುವ ಭರಣಿ ಅವರ ಮಡಿಲಲ್ಲಿ! ಬಿಸಿ ಮಾಡಿದ ಸೆರಗಿನಿಂದ ಗಾಜನ್ನು ಮೆಲ್ಲ ಒರೆಸುತ್ತಿದ್ದಾರೆ.

"ಏಳು ಮಗಾ... ಬೆಳಗಾಯ್ತು, ಏಳು."

ರಾಣಿಯ ಮೀಸೆ ಒಮ್ಮೆ ಅಲುಗಿತು. ಮಾವನನ್ನು ಕೂಗಬೇಕೆಂದು ಬಾಯಿ ತೆರೆದವನು ಲೋಟ ಹಿಡಿದುಕೊಂಡು ಹೊಸ್ತಿಲ ಹೊರಗೇ ಕೂತೆ. ಮಕ್ಕಳಿಲ್ಲದ ಆ ಮನೆಯಲ್ಲಿ ಯಾರನ್ನಾದರೂ ಹಾಗೆ ಎಬ್ಬಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.