ಹಳೆಯ ಮುಖಪುಟವೇ ಬರುತ್ತಿತ್ತು

ಬಾರದ ಕೆಲಸವನ್ನು ಬರುತ್ತದೆಂದು ಹೇಳಿ ಕುರ್ಚಿ ಹಿಡಿದವರು ಎಲ್ಲ ಆಫೀಸುಗಳಲ್ಲೂ ಇದ್ದಾರೆ. ಬರುವ ಕೆಲಸವನ್ನು ಬಾರದೆಂದು ನಟಿಸಿ ಒಂದು ವಾರ ಬೈಸಿಕೊಂಡವನು ಮಾತ್ರ ಇಡೀ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ನಾನೊಬ್ಬನೇ ಇರಬೇಕು.

ನಮ್ಮದು ಪಂಪುಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಎಲ್ಲರಂತೆ ನಮಗೂ ಒಂದು ವೆಬ್‌ಸೈಟ್ ಬೇಕೆನ್ನಿಸಿತು. ಅದನ್ನು ಮಾಡಿದವಳು ನನ್ನ ಪಕ್ಕದ ಮೇಜಿನ ವಿಮಲಾ. (ಮನಸ್ಸಿನಲ್ಲಿ ಮಾತ್ರ 'ಅವಳು', ಎದುರಿಗೆ ಯಾವಾಗಲೂ 'ನೀವು', 'ತಾವು'.) ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಕಲಿತದ್ದನ್ನು ಮರುದಿನ ಊಟದ ವೇಳೆಯಲ್ಲಿ ಕೂತು ಮಾಡುತ್ತಿದ್ದಳು. ಅಕ್ಷರಕ್ಕೆ ಯಾವ ಬಣ್ಣ ಹಾಕಲಿ ಎಂದು ಕೇಳಿದಾಗಲೆಲ್ಲ ನಾನು "ನಿಮಗಿಷ್ಟ ಬಂದದ್ದು" ಎನ್ನುತ್ತಿದ್ದೆ. ನನ್ನ ಮೂವತ್ತೊಂದು ವರ್ಷದ ಬಾಳಿನಲ್ಲಿ ಬಾಯಿಂದ ಹೊರಟ ಅತಿ ದೊಡ್ಡ ಪ್ರೇಮಭಾಷಣ ಅದು. ಮುಖಪುಟಕ್ಕೆ ಕಾರ್ಖಾನೆಯ ಗೇಟಿನ ಫೋಟೋ ಹಾಕಿದಳು. ಅದರ ಮೂಲೆಯಲ್ಲಿ ಊಟದ ಡಬ್ಬಿ ಹಿಡಿದ ನಾನೂ ಸೇರಿಹೋಗಿದ್ದೆ. ಕತ್ತರಿಸೋಣವೇ ಎಂದದ್ದಕ್ಕೆ, "ಇರ್ಲಿ ಬುಡಿ ಸಾರ್, ಗೇಟು ಎಷ್ಟು ಎತ್ತರ ಅಂತ ಗೊತ್ತಾಗುತ್ತೆ" ಎಂದಳು. ಆ ಮಾತಿಗೆ ಬೇರೆ ಅರ್ಥವೇನಾದರೂ ಇದೆಯೇ ಎಂದು ನಾನು ಆರು ತಿಂಗಳು ಯೋಚಿಸಿದೆ. ಯೋಚನೆ ಮುಗಿಯುವ ಮೊದಲೇ ಅವಳಿಗೆ ಅದೇ ಊರಿನ ಯಾದವಗಿರಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್ ಕೆಲಸ ಸಿಕ್ಕಿತು. ಹೆಬ್ಬಾಳದಿಂದ ಯಾದವಗಿರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು? ಒಂದು ವರ್ಷವಾದರೂ ನಾನು ಆ ಬಸ್ಸು ಹತ್ತಲಿಲ್ಲ.

ಆಮೇಲೆ ಮ್ಯಾನೇಜರಿಗೆ ಹೊಸ ಮುಖಪುಟ ಬೇಕಾಯಿತು. ಪಕ್ಕದಲ್ಲಿ ಕೂತು ಅಷ್ಟಿಷ್ಟು ಕಲಿತಿದ್ದೆನಲ್ಲ, ನಾನೇ ಮಾಡಿ 'ಇಂಡೆಕ್ಸ್' ಎಂದು ಹೆಸರಿಟ್ಟು ಏರಿಸಿದೆ. ನಮ್ಮ ವಿಳಾಸ ಟೈಪ್ ಮಾಡಿದರೆ ಮತ್ತೆ ವಿಮಲಾಳ ಪುಟವೇ ಬಂತು. ಅದೇ ಗೇಟು, ಅದೇ ನಾನು. "ಏನ್ರೀ ಮಹದೇವು, ಹಳೇದೇ ಬರ್ತಾ ಅದೆಯಲ್ಲ" ಎಂದರು ಮ್ಯಾನೇಜರು.

ನಮ್ಮ ವೆಬ್‌ಸೈಟ್ ಇಟ್ಟಿದ್ದ ಸರ್ವರ್ ನೋಡಿಕೊಳ್ಳುವ ಕಂಪನಿಗೆ ಫೋನ್ ಮಾಡಿದೆ. ಬರಿಯ ವಿಳಾಸ ಕೊಟ್ಟು ಯಾವ ಪುಟವೆಂದು ಹೇಳದಿದ್ದರೆ, ಸರ್ವರ್ ತನ್ನಲ್ಲಿರುವ ಹೆಸರುಗಳ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದಂತೆ. ನಮ್ಮ ಸರ್ವರಿನ ಪಟ್ಟಿಯಲ್ಲಿ ಮೊದಲು 'ಡಿಫಾಲ್ಟ್', ಆಮೇಲೆ 'ಇಂಡೆಕ್ಸ್'. ಮೊದಲ ಹೆಸರಿನ ಫೈಲು ಸಿಕ್ಕಿಬಿಟ್ಟರೆ ಮುಂದಿನದರ ಕಡೆ ತಿರುಗಿಯೂ ನೋಡುವುದಿಲ್ಲ. ವಿಮಲಾ ತನ್ನ ಪುಟಕ್ಕೆ ಇಟ್ಟ ಹೆಸರು ಡಿಫಾಲ್ಟ್. "ಹಳೇದನ್ನ ಅಳಿಸಿ ಸಾರ್, ಒಂದು ನಿಮಿಷದ ಕೆಲಸ" ಎಂದರು.

ಆ ಒಂದು ನಿಮಿಷದ ಕೆಲಸಕ್ಕೆ ಕೈ ಹೋಗಲಿಲ್ಲ. ಮ್ಯಾನೇಜರು ಕೇಳಿದಾಗಲೆಲ್ಲ "ಸರ್ವರ್ ಪ್ರಾಬ್ಲಮ್ಮು ಸಾರ್" ಎನ್ನುತ್ತಾ ವಾರ ತಳ್ಳಿದೆ. ಕೊನೆಗೆ ಧೈರ್ಯ ಮಾಡಿ ವಿಮಲಾಳ ಶಾಲೆಗೆ ಫೋನ್ ಮಾಡಿದೆ.

"ಹೊಸದು ಹಾಕಿದ್ರೂ ನಿಮ್ಮ ಪುಟ ಹೋಗ್ತಾನೇ ಇಲ್ಲ, ಅಳಿಸ್ಬೇಕಂತೆ" ಎಂದೆ.

"ಅಳಿಸೋದ್ಯಾಕೆ ಸಾರ್, ಹೆಸರು ಬದಲಾಯಿಸಿಬುಡಿ. 'ಹಳೇದು' ಅಂತ ಇಡಿ. ಪಟ್ಟೀಲಿ ಆ ಹೆಸರೇ ಇರಲ್ಲ, ಹೊಸದು ಬರುತ್ತೆ. ಹಳೇದು ಬೇಕಾದೋರು ಪೂರ್ತಿ ವಿಳಾಸ ಕೊಟ್ಟು ನೋಡ್ಬೋದು." ಆಮೇಲೆ ಕೇಳಿದಳು: "ಇದನ್ನ ಕೇಳೋಕೇನಾ ಫೋನ್ ಮಾಡಿದ್ದು?"

"ಹೂಂ, ಇಷ್ಟೇ" ಎಂದೆ.

"ಸರಿ ಹಾಗಾದ್ರೆ. ಕ್ಲಾಸಿದೆ" ಎಂದು ಫೋನ್ ಇಟ್ಟಳು. ಇಟ್ಟಮೇಲೂ ನಾನು ಒಂದಷ್ಟು ಹೊತ್ತು ರಿಸೀವರು ಹಿಡಿದೇ ನಿಂತಿದ್ದೆ.

ಹೆಸರು ಬದಲಾಯಿಸಿದೆ. ಹೊಸ ಪುಟ ಬಂತು, ಮ್ಯಾನೇಜರು ಸಮಾಧಾನಗೊಂಡರು. ನನಗೆ ಮಾತ್ರ ದಿನಾ ಊಟ ಮುಗಿಸಿ, ಪೂರ್ತಿ ವಿಳಾಸ ಟೈಪ್ ಮಾಡಿ ಹಳೆಯದನ್ನು ನೋಡುವುದು ಅಭ್ಯಾಸವಾಯಿತು.

ತಿಂಗಳ ಕೊನೆಗೆ ಸರ್ವರಿನವರು ಒಂದು ವರದಿ ಕಳಿಸಿದರು: ಯಾವ ಪುಟವನ್ನು ಯಾವಾಗ, ಎಷ್ಟು ಸಲ ನೋಡಲಾಗಿದೆ ಎಂದು. ಮ್ಯಾನೇಜರು ಅದನ್ನು ಎರಡು ಸಲ ಓದಿ ನನ್ನನ್ನು ಕರೆದರು.

"ನೋಡ್ರೀ, ಈ 'ಹಳೇದು' ಅನ್ನೋ ಪುಟಾನ ಯಾರೋ ದಿನಾ ಮಧ್ಯಾಹ್ನ ನೋಡ್ತಾವ್ರೆ. ಇಷ್ಟು ಆಸಕ್ತಿ ಇದ್ರೂ ಇದುವರೆಗೂ ಒಂದು ಮಾತು ಕೇಳಿಲ್ಲ. ಯಾರೋ ಬಲೇ ನಾಚಿಕೆ ಸ್ವಭಾವದ ಗಿರಾಕಿ ಇರ್ಬೇಕು ಕಣ್ರೀ. ಪತ್ತೆ ಹಚ್ಚಿ ಬಾಯಿ ಬಿಡಿಸಿ."

"ಪ್ರಯತ್ನ ಮಾಡ್ತೀನಿ ಸಾರ್" ಎಂದೆ. ಇನ್ನೂ ಮಾಡುತ್ತಲೇ ಇದ್ದೇನೆ.