ಅಂಬಾಸಿಡರಿಗೆ ಹನಿ ನೀರಾವರಿ

"ಈ ಸಲ ನಿನ್ನ ರೇಷ್ಮೆಗೂಡು ಲಗೇಜ್ ಆಟೋದಲ್ಲಿ ಹೋಗಲ್ಲ ಕಣೇ! ನಮ್ಮ ಸ್ವಂತ ಕಾರಲ್ಲಿ ಹೋಗತ್ತೆ! ನೀನು ಹಿಂದಿನ ಸೀಟಲ್ಲಿ ಮಹಾರಾಣಿ ಥರ ಕೂತ್ಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ಇಳೀತೀಯ!"

ಅಂಬಾಜಿದುರ್ಗದ ತಪ್ಪಲಿನ ತಮ್ಮ ಮನೆಯ ಜಗಲಿಯ ಮೇಲೆ ನಿಂತು ವೆಂಕಟರವಣಪ್ಪನವರು ಹೀಗೆ ಘೋಷಿಸಿದಾಗ, ಅವರ ಧರ್ಮಪತ್ನಿ ರಾಮಲಕ್ಷ್ಮಮ್ಮನವರು ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಹೊತ್ತು ತೋಟದಿಂದ ಬರುತ್ತಿದ್ದರು. ಹೊರೆಯನ್ನು ಇಳಿಸದೆಯೇ ಕೇಳಿದರು:

"ಯಾವ ಕಾರು? ಕೋಳಿ ಮೊಟ್ಟೆ ಇಡೋ ಕಾರಾ?"

ಪ್ರಶ್ನೆಯಲ್ಲಿ ನ್ಯಾಯವಿತ್ತು. ಆ ಬಿಳಿಯ ಅಂಬಾಸಿಡರು ಎಂಜಿನ್ ಕಚ್ಚಿಕೊಂಡು ಮೂರು ವರ್ಷಗಳಿಂದ ಹೊಂಗೆಮರದ ಕೆಳಗೆ ತಪಸ್ಸಿಗೆ ಕುಳಿತಿತ್ತು. ಹಿಂದಿನ ಸೀಟನ್ನು ಎರಡು ಹೇಂಟೆಗಳು ಹೆರಿಗೆ ಆಸ್ಪತ್ರೆಯನ್ನಾಗಿ ಮಾಡಿಕೊಂಡಿದ್ದವು. ಆದರೆ ಈಗ ಕಾಲ ಬದಲಾಗಿತ್ತು. ರಾಮಲಕ್ಷ್ಮಮ್ಮನವರ ತಮ್ಮ ಗಂಗರಾಜು ಚಿಂತಾಮಣಿಯಲ್ಲಿ ಮೆಕ್ಯಾನಿಕ್ಕು. ಗುಜರಿಗೆ ಬಂದಿದ್ದ ಒಂದು ವ್ಯಾನಿನ ಎಂಜಿನ್ನನ್ನು ಬಿಚ್ಚಿ ತಂದು, ಒಂದು ತಿಂಗಳು ಹೆಣಗಾಡಿ, ಅಂಬಾಸಿಡರಿನ ಹೊಟ್ಟೆಯೊಳಗೆ ಕೂರಿಸಿಬಿಟ್ಟಿದ್ದ. ಉಳಿದಿದ್ದು ಒಂದೇ ಕೆಲಸ: ಹಿಂದಿರುವ ಟ್ಯಾಂಕಿನಿಂದ ಮುಂದಿರುವ ಎಂಜಿನ್ನಿಗೆ ಪೆಟ್ರೋಲ್ ತಲುಪಿಸುವುದು.

"ಅದೇ ಭಾವ ಕಷ್ಟದ ಕೆಲಸ," ಎಂದ ಗಂಗರಾಜು ವಾರ ಕಳೆದ ಮೇಲೊಂದು ಸಂಜೆ, ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತಾ. "ಹಳೇ ಎಂಜಿನ್ನಿಗೆ ಪೆಟ್ರೋಲು ಹೋಗಿ ಬಾಗಿಲಲ್ಲಿ ನಿಂತ್ರೆ ಸಾಕಿತ್ತು, ಅದೇ ಹೀರ್ಕೊಳ್ತಿತ್ತು. ಇದು ಹೊಸ ಥರದ್ದು. ಪಂಪಿಂದ ಮೂರು ಕೆ.ಜಿ. ಪ್ರೆಶರಲ್ಲಿ ಬರಬೇಕು. ಫಿಲ್ಟರ್ ದಾಟಬೇಕು. ನಾಲ್ಕು ಇಂಜೆಕ್ಟರಿಗೂ ಒಂದೇ ಸಮ ಹಂಚಬೇಕು. ಮಿಕ್ಕಿದ್ದು ವಾಪಸ್ ಟ್ಯಾಂಕಿಗೆ ಹೋಗಬೇಕು. ಈ ಕಾರಿಗೆ ಅಂತ ರೆಡಿ ಸಿಗಲ್ಲ, ನಾವೇ ಅಳತೆ ನೋಡಿ ಮಾಡ್ಕೋಬೇಕು."

ವೆಂಕಟರವಣಪ್ಪನವರು ಕುಳಿತಲ್ಲಿಂದ ಎದ್ದು ನಿಂತರು. ಅವರ ಕಣ್ಣುಗಳಲ್ಲಿ ದೀಪ ಹತ್ತಿತು. ಪಂಪು! ಫಿಲ್ಟರು! ಪ್ರೆಶರು! ಎಲ್ಲಕ್ಕೂ ಒಂದೇ ಸಮ! ಮಿಕ್ಕಿದ್ದು ವಾಪಸ್! ಚಿಂತಾಮಣಿಯಲ್ಲಿ ಹನಿ ನೀರಾವರಿ ಪೈಪುಗಳ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷಗಳಿಂದ ಅವರು ರೈತರಿಗೆ ಹಗಲಿರುಳೂ ಬೋಧಿಸುತ್ತಿದ್ದುದು ಈ ಐದು ಮಂತ್ರಗಳನ್ನೇ ಅಲ್ಲವೇ?

"ಇದೇನಯ್ಯಾ ಗಂಗರಾಜು, ಇದು ಡ್ರಿಪ್ಪಲ್ಲವೇನಯ್ಯಾ!"

"ಅಲ್ಲ ಭಾವ. ಇದು ಪೆಟ್ರೋಲು."

"ಗಿಡಕ್ಕೆ ನೀರು, ಎಂಜಿನ್ನಿಗೆ ಪೆಟ್ರೋಲು. ಕುಡಿಯೋದು ಬೇರೆ, ಕುಡಿಸೋ ವಿದ್ಯೆ ಒಂದೇ!"

ಗಂಗರಾಜುವಿನ ಮುಖ ಸಣ್ಣಗಾಯಿತು. "ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಕೈ ಹಾಕ್ಬೇಡಿ. ಗೌರಿಬಿದನೂರಲ್ಲಿ ನನ್ನ ನಾದಿನಿ ಮದುವೆ, ಹೋಗಲೇಬೇಕು. ಬುಧವಾರ ಬರ್ತೀನಿ, ಬರ್ತಾ ಪೆಟ್ರೋಲಿಗೆ ಅಂತಲೇ ಇರೋ ಪೈಪು ತರ್ತೀನಿ. ಅಕ್ಕಾ, ಭಾವನ್ನ ಸ್ವಲ್ಪ ನೋಡ್ಕೊಳೇ!"

ಅಕ್ಕನಿಗೆ ಭಾವನನ್ನು ನೋಡಿಕೊಳ್ಳಲು ಪುರುಸೊತ್ತೆಲ್ಲಿತ್ತು? ರೇಷ್ಮೆಹುಳುಗಳು ಪೊರೆ ಕಳಚುವ ಕೊನೆಯ ಜ್ವರದಿಂದೆದ್ದು ಮಳೆ ಸುರಿದ ಹಾಗೆ ಸದ್ದು ಮಾಡುತ್ತಾ ಸೊಪ್ಪು ತಿಂದಿದ್ದವು, ಹಣ್ಣಾಗಿದ್ದವು, ಬಿದಿರಿನ ತಟ್ಟಿಯ ಚಂದ್ರಿಕೆಗೆ ಹತ್ತಿ ಗೂಡು ಕಟ್ಟಿದ್ದವು. ಎಂಥ ಗೂಡು! ಬೆಳ್ಳಗೆ, ಗಟ್ಟಿಯಾಗಿ, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಟಕಟಕ ಎನ್ನುವಂಥವು. ನಾಲ್ಕು ಬೆಳೆ ಕೈಕೊಟ್ಟ ಮೇಲೆ ಬಂದ ಬೆಳೆ. ಒಂದು ತಿಂಗಳು ಆಕೆ ಕುಳಿತು ಊಟ ಮಾಡಿರಲಿಲ್ಲ.

"ಮಂಗಳವಾರ ಬೆಳಿಗ್ಗೆ ಗೂಡು ಮಾರ್ಕೆಟ್ಟಲ್ಲಿರಬೇಕು," ಎಂದರು ಆಕೆ. "ಗಂಗರಾಜು ಬರಲಿ ಅಂತ ಹುಳು ಒಳಗೆ ಕಾಯ್ತಾ ಕೂರಲ್ಲ. ಚಿಟ್ಟೆ ಆಗಿ ತೂತು ಮಾಡ್ಕೊಂಡು ಆಚೆ ಬಂದ್ರೆ ಗೂಡನ್ನ ಯಾರೂ ಮೂಸಿ ನೋಡಲ್ಲ. ನಾನು ಲಗೇಜ್ ಆಟೋಗೆ ಹೇಳಿದ್ದೀನಿ."

ಮಂಗಳವಾರ! ಗಂಗರಾಜು ಬರುವುದು ಬುಧವಾರ! ವೆಂಕಟರವಣಪ್ಪನವರಿಗೆ ಆ ಕ್ಷಣದಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅರ್ಧ ತಿಂದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಕಾರಿನ ಕೆಳಗೆ ತೂರುವರು. ಅಲ್ಲಿಂದ ಎದ್ದು ಅಂಗಡಿಗೆ ಓಡುವರು. ಅಂಗಡಿಗೆ ಬಂದ ರೈತನಿಗೆ ಮಾತು ಮುಗಿಸದೆ ಮತ್ತೆ ಕಾರಿಗೆ ಬರುವರು. ಗಂಗರಾಜುವಿನ ನಾದಿನಿಯ ಮದುವೆಯ ಲಗ್ನಪತ್ರಿಕೆಯ ಬೆನ್ನಿನ ಮೇಲೆ ನಕ್ಷೆ ಸಿದ್ಧವಾಯಿತು: ಟ್ಯಾಂಕು, ಮೇನ್ ಲೈನು, ಫಿಲ್ಟರು, ನಾಲ್ಕು ಕವಲು, ಬೈಪಾಸು. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಆ ನಕ್ಷೆಗೆ ಜೀವ ಬಂತು. ಗಿಡಗಳ ಬುಡಕ್ಕೆ ಹಾಯಿಸುವ ಕಪ್ಪು ಪೈಪು, ಅದರ ಜಾಯಿಂಟುಗಳು, ರಬ್ಬರ್ ವಾಷರುಗಳು, ಎಲ್ಲವೂ ಅಂಗಡಿಯ ಮೊದಲ ದರ್ಜೆಯ ಸರಕು! ತೋಟದ ಫಿಲ್ಟರಂತೂ ಒಂದು ಕುಂಬಳಕಾಯಿಯಷ್ಟು ದಪ್ಪವಿದ್ದುದರಿಂದ ಬಾನೆಟ್ಟು ಮುಚ್ಚಲೊಲ್ಲದೆ ಹೋಯಿತು. ಅದನ್ನು ಎಮ್ಮೆಯ ಹಗ್ಗದಿಂದ ಬಿಗಿದು ಕಟ್ಟಿದರು.

ಹಾಗೆಂದು ವೆಂಕಟರವಣಪ್ಪನವರು ದುಡುಕಿನವರೆಂದು ಯಾರೂ ಭಾವಿಸಬಾರದು. ಪರೀಕ್ಷೆ ಮಾಡದೆ ಅವರು ಯಾರ ತೋಟಕ್ಕೂ ಲೈನು ಒಪ್ಪಿಸಿದವರಲ್ಲ. ಎಂಜಿನ್ನಿಗೆ ಜೋಡಿಸುವ ಮುನ್ನ ಇಡೀ ಲೈನಿಗೆ ಪ್ರೆಶರ್ ಪಂಪು ಹಚ್ಚಿ ಮೂರು ಗಂಟೆಗಳ ಕಾಲ ಕಾದರು. ಒಂದು ಹನಿ ಸೋರಲಿಲ್ಲ! ನೋಡಿದವರು ಕಣ್ಣಿಗೊತ್ತಿಕೊಳ್ಳಬೇಕು, ಅಷ್ಟು ನಿಖರ!

ಪರೀಕ್ಷೆ ಮಾಡಿದ್ದು ನೀರಿನಿಂದ.

ಆಮೇಲೆ ಲೈನನ್ನು ಬಿಸಿಲಿಗೆ ಒಣಗಿಸಿ ಪೆಟ್ರೋಲ್ ಬಿಟ್ಟು ಕೀಲಿ ತಿರುಗಿಸಿದರೆ, ನಾಲ್ಕನೆಯ ಸಲಕ್ಕೆ ಎಂಜಿನ್ನು ಹೂಂಕರಿಸಿತು! ಹೇಂಟೆಗಳು ಹೊಂಗೆಮರ ಹತ್ತಿದವು. ಐದು ನಿಮಿಷ ಓಡಿಸಿ ಆರಿಸಿದ ವೆಂಕಟರವಣಪ್ಪನವರು, ಆ ಉತ್ಸಾಹದಲ್ಲಿ ಮೊಬೈಲು ತೆಗೆದು ಲಗೇಜ್ ಆಟೋದವನಿಗೆ "ನಾಳೆ ಬರಬೇಡಪ್ಪ, ನಮ್ಮದೇ ಗಾಡಿ ಇದೆ" ಎಂದು ಹೇಳಿಯೂಬಿಟ್ಟರು. ಹೆಂಡತಿಗೆ ಮಾತ್ರ ಹೇಳಲಿಲ್ಲ.

ಪೈಪಿನಲ್ಲಿ ನಿಂತ ಪೆಟ್ರೋಲು ಸುಮ್ಮನಿರಲಿಲ್ಲ. ನೀರು ಇಪ್ಪತ್ತೆರಡು ವರ್ಷಗಳಲ್ಲಿ ರಬ್ಬರಿಗೆ ಮಾಡದಿದ್ದುದನ್ನು ಅದು ಬೆಳಗಾಗುವುದರೊಳಗೆ ಮಾಡುತ್ತಿತ್ತು.

ಮಂಗಳವಾರ ಬೆಳಿಗ್ಗೆ ಏಳು ಚೀಲ ಗೂಡು ಅಂಗಳದಲ್ಲಿ ಸಾಲಾಗಿ ನಿಂತವು. ರಾಮಲಕ್ಷ್ಮಮ್ಮನವರು ಹತ್ತು ಸಲ ರಸ್ತೆ ನೋಡಿದರು.

"ಆಟೋ ಎಲ್ಲಿ? ಇಷ್ಟೊತ್ತಿಗೆ ಬರಬೇಕಿತ್ತಲ್ಲ?"

"ನಾನೇ ಬೇಡ ಅಂದೆ."

ಆಕೆ ಗಂಡನನ್ನು ನೋಡಿದರು. ಆ ನೋಟವನ್ನು ವರ್ಣಿಸುವುದು ಬೇಡ. ಮದುವೆಯಾದವರಿಗೆ ಗೊತ್ತು, ಆಗದವರಿಗೆ ಹೇಳಿದರೂ ತಿಳಿಯದು.

"ಅಯ್ಯೋ ದೇವುಡಾ! ನನ್ನ ಬೆಳೆ ತಗೊಂಡು ನಿಮ್ಮ ಗಾಡಿ ಟೆಸ್ಟ್ ಮಾಡ್ತೀರಾ?"

"ಟೆಸ್ಟು ನಿನ್ನೆಯೇ ಆಯ್ತು ಕಣೇ! ಬೇಗ ಕಾರು ಹತ್ತು, ಹರಾಜು ಶುರುವಾಗತ್ತೆ!"

ಬೇರೆ ದಾರಿಯಿರಲಿಲ್ಲ. ಆರು ಚೀಲಗಳು ಹಿಂದಿನ ಸೀಟನ್ನೂ ಮುಂದಿನ ಸೀಟನ್ನೂ ತುಂಬಿದವು. ಏಳನೆಯದು ಡಿಕ್ಕಿಗೆ ಹೋಯಿತು. ಉಳಿದ ಒಂದು ಗೇಣು ಜಾಗದಲ್ಲಿ, ಬಾಗಿಲಿಗೆ ಒತ್ತಿಕೊಂಡು, ಮಹಾರಾಣಿಯವರು ಕುಳಿತರು.

ಕಾರು ಹೊರಟಿತು! ನಿಜವಾಗಿ ಹೊರಟಿತು! ಚಿಂತಾಮಣಿಯ ಪೇಟೆಯಲ್ಲಿ ತಮ್ಮ ಅಂಗಡಿಯ ಮುಂದೆ ವೆಂಕಟರವಣಪ್ಪನವರು ಎರಡು ಸಲ ಅನವಶ್ಯಕವಾಗಿ ಹಾರ್ನ್ ಮಾಡಿದರು. ಪೇಟೆ ದಾಟಿ ಶಿಡ್ಲಘಟ್ಟದ ರಸ್ತೆ ಹಿಡಿದ ಮೇಲೆ ಹಿಂದಿನಿಂದ ದನಿ ಬಂತು.

"ರೀ, ಏನೋ ವಾಸನೆ."

"ಹೊಸ ಎಂಜಿನ್ನು ಕಣೇ. ಹೊಸ ಮದುವಣಗಿತ್ತಿ ಥರ. ಸ್ವಲ್ಪ ಘಮ ಇರತ್ತೆ."

"ಯಾವ ಮದುವಣಗಿತ್ತಿ ಪೆಟ್ರೋಲ್ ಹಾಕ್ಕೊಂಡು ಬರ್ತಾಳೆ? ನಿಲ್ಲಿಸ್ರೀ ಗಾಡಿ! ನನ್ನ ಗೂಡಿಗೆ ಈ ವಾಸನೆ ಹಿಡಿದ್ರೆ ನೂಲು ತೆಗೆಯೋ ಯಾವ ರೀಲರೂ ಕೈ ಹಾಕಲ್ಲ!"

ನಿಲ್ಲಿಸುವ ಶ್ರಮವನ್ನು ಕಾರು ಅವರಿಗೆ ಕೊಡಲಿಲ್ಲ. ಎರಡು ಬಾರಿ ಬಿಕ್ಕಿ, ಒಂದು ಬಾರಿ ಸೀನಿ, ತಾನೇ ನಿಂತಿತು.

ವೆಂಕಟರವಣಪ್ಪನವರು ಎಮ್ಮೆಯ ಹಗ್ಗ ಬಿಚ್ಚಿ ಬಾನೆಟ್ಟು ಎತ್ತಿ ಒಳಗೆ ಬಗ್ಗಿದರು. ರಬ್ಬರ್ ವಾಷರುಗಳು ಉದ್ದಿನ ವಡೆಗಳಂತೆ ಊದಿಕೊಂಡಿದ್ದವು. ಪೈಪು ಬೆಂದ ಶಾವಿಗೆಯಂತೆ ಜೋತುಬಿದ್ದಿತ್ತು. ಒಂದೊಂದು ಜಾಯಿಂಟಿನಿಂದಲೂ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಟಪ್, ಟಪ್, ಟಪ್. ಮೊದಲನೆಯ ಜಾಯಿಂಟಿನಲ್ಲೂ ಅಷ್ಟೇ, ಕೊನೆಯದರಲ್ಲೂ ಅಷ್ಟೇ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ! ಸತ್ಯವನ್ನು ಹೇಳಬೇಕೆಂದರೆ, ಆ ಸಂಕಟದಲ್ಲೂ ಅವರೊಳಗಿನ ಡ್ರಿಪ್ ವ್ಯಾಪಾರಿಗೆ ಒಂದು ಕ್ಷಣ ಹೆಮ್ಮೆಯೆನಿಸಿತು.

"ಬಿಗಿ ಮಾಡಿದ್ರೆ ಸರಿಹೋಗತ್ತೆ!" ಎನ್ನುತ್ತಾ ಕಾರಿನ ಕೆಳಗೆ ತೂರಿ ಮೇನ್ ಲೈನಿನ ಜಾಯಿಂಟನ್ನು ಹಿಡಿದು ಒಮ್ಮೆ ತಿರುಗಿಸಿದರು. ಅದು ಇಡಿಯಾಗಿ ಕೈಗೆ ಬಂತು. ಅವರಿಗೆ ತಲೆಯಿಂದ ಸೊಂಟದವರೆಗೆ ಪೆಟ್ರೋಲಿನ ಮಹಾಭಿಷೇಕವಾಯಿತು.

ಅವರು ತೆವಳಿಕೊಂಡು ಹೊರಬರುವ ವೇಳೆಗೆ ಪಕ್ಕದಲ್ಲಿ ಒಂದು ಟ್ರ್ಯಾಕ್ಟರು ನಿಂತಿತ್ತು. ಅದರಿಂದ ಇಳಿದವನು ಆವಲಪ್ಪನೆಂಬ ರೈತ. ಸಹೃದಯ, ಪರೋಪಕಾರಿ. ಬಾಯಲ್ಲಿ ಹೊತ್ತಿಸಿದ ಬೀಡಿ.

"ಏಮಿ ಸಾಮೀ ಇದಿ! ಪೂರ್ತಿ ನೆಂದೋಗಿದ್ದೀರಲ್ಲ?" ಎನ್ನುತ್ತಾ ಅವನು ಕೈ ಚಾಚಿ ಹತ್ತಿರ ಬಂದ.

ವೆಂಕಟರವಣಪ್ಪನವರು ಓಡಿದರು. ಐವತ್ತೆಂಟರ ವಯಸ್ಸು, ಮಂಡಿನೋವು, ಎಲ್ಲವನ್ನೂ ಮರೆತು ಪಕ್ಕದ ರಾಗಿ ಹೊಲಕ್ಕೆ ಹಾರಿ ಓಡಿದರು. ಪಾಪ ಯಾರೋ ತಲೆಕೆಟ್ಟವರೆಂದು ಆವಲಪ್ಪನೂ ಬೆನ್ನಟ್ಟಿದ.

"ಯಾಕೆ ಓಡ್ತೀರಾ ಸಾಮೀ? ನಾನೇನೂ ಮಾಡಲ್ಲ! ನಿಲ್ಲಿ!"

"ಹತ್ರ ಬರಬೇಡ! ಬಂದ್ರೆ ಇಬ್ಬರೂ ಹೋಗ್ತೀವಿ!"

"ಎಲ್ಲಿಗೆ ಸಾಮೀ ಹೋಗೋದು?"

"ಬೀಡೀ! ಬೀಡಿ ಆರಿಸಪ್ಪೋ!" ಎಂದು ರಸ್ತೆಯಿಂದ ರಾಮಲಕ್ಷ್ಮಮ್ಮನವರು ಕೂಗಿದ ಮೇಲೆಯೇ ಆವಲಪ್ಪನಿಗೆ ಜ್ಞಾನೋದಯವಾದದ್ದು. ಅವನು ಬೀಡಿಯನ್ನು ಹಸಿಮಣ್ಣಿಗೆ ತುಳಿದು, ಎರಡು ಕಿವಿಗಳನ್ನೂ ಹಿಡಿದುಕೊಂಡ.

ರಾಮಲಕ್ಷ್ಮಮ್ಮನವರು ಕೂಗಿದರೇ ಹೊರತು ಕೈ ನಿಲ್ಲಿಸಿರಲಿಲ್ಲ. ಕಾರು ನಿಂತ ಕ್ಷಣವೇ ಸೀಟಿನ ಮೇಲಿದ್ದ ಚೀಲಗಳನ್ನು ಒಂದೊಂದಾಗಿ ಇಳಿಸಿ, ಗಾಳಿ ಬೀಸಿಬರುವ ಕಡೆಗೆ ಐವತ್ತು ಹೆಜ್ಜೆ ದೂರ ಸಾಗಿಸಿ, ಒಂದೊಂದಕ್ಕೂ ಮೂಗಿಟ್ಟು ನೋಡಿದ್ದರು. ಈಗ ಸರ್ಕಾರಿ ಬಸ್ಸೊಂದು ಬಂದಿತು. ಆಕೆ ನಡುರಸ್ತೆಗೆ ನಿಂತು ಎರಡು ಕೈಗಳನ್ನೂ ಎತ್ತಿದರು. ರೇಷ್ಮೆ ಸೀಮೆಯ ಬಸ್ಸು. ಗೂಡಿನ ಚೀಲ ಕಂಡರೆ ಮದುಮಗಳನ್ನು ಕಂಡಂತೆ. ಪ್ರಯಾಣಿಕರೇ ಇಳಿದು ಚೀಲಗಳನ್ನು ಹತ್ತಿಸಿಕೊಂಡರು.

"ಲೇ, ನಾನೂ ಬರ್ತೀನಿ ಇರೇ!" ಎಂದು ಹೊಲದ ಬದುವಿನಿಂದ ವೆಂಕಟರವಣಪ್ಪನವರು ಕೂಗಿದರು.

ಆಕೆ ಮೆಟ್ಟಿಲ ಮೇಲೆ ತಿರುಗಿ ನಿಂತು, "ಕಾರು ನಿಮ್ದು, ಗೂಡು ನಂದು!" ಎಂದರು. ಬಸ್ಸು ಹೊರಟಿತು.

ಅದು ಮರೆಯಾದ ಮೇಲೆ ವೆಂಕಟರವಣಪ್ಪನವರಿಗೆ ಡಿಕ್ಕಿಯ ನೆನಪಾಯಿತು. ಅವಸರದಲ್ಲಿ ಆಕೆ ಮರೆತ ಏಳನೆಯ ಚೀಲ! ಮುಳುಗಿದ ಮಾನವನ್ನು ಮೇಲೆತ್ತಲು ದೇವರು ಕೊಟ್ಟ ಹಗ್ಗ! ಕಾರನ್ನು ತಳ್ಳಿ ಬೇವಿನಮರದ ಕೆಳಗೆ ನಿಲ್ಲಿಸಿ, ಆವಲಪ್ಪನ ಟ್ರ್ಯಾಕ್ಟರಿನ ತೊಟ್ಟಿಯಲ್ಲಿ ಚೀಲವನ್ನು ಮಗುವಿನಂತೆ ತಬ್ಬಿ ಕುಳಿತರು. "ಸ್ವಲ್ಪ ಬೇಗ ಆವಲಪ್ಪಾ! ಇನ್ನೂ ಸ್ವಲ್ಪ ಬೇಗ!" ಎಂದು ದಾರಿಯುದ್ದಕ್ಕೂ ಚಡಪಡಿಸಿದರು. ಪೆಟ್ರೋಲಿನಲ್ಲಿ ನೆಂದ ಎದೆಗೆ ಗೂಡನ್ನು ಅಪ್ಪಿಕೊಂಡಷ್ಟೂ ಗೂಡಿಗೆ ಏನಾಗುತ್ತದೆಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಮಾರುಕಟ್ಟೆಯ ಮುಂದೆ ಇಳಿದಾಗ ಜನ ಎರಡೂ ಕಡೆಗೆ ಸರಿದು ದಾರಿ ಬಿಟ್ಟರು. ಗೌರವವೆಂದೇ ಅವರು ಎಣಿಸಿದರು. ಬಾಗಿಲಲ್ಲಿ ಒಬ್ಬ ರೀಲರು ಚೀಲದಿಂದ ನಾಲ್ಕು ಗೂಡು ತೆಗೆದು ಮೂಗಿನ ಬಳಿಗೆ ಒಯ್ದವರು, ಹಾಗೆಯೇ ವಾಪಸ್ ಹಾಕಿದರು.

"ಯಜಮಾನ್ರೇ, ನಾವು ಗೂಡನ್ನ ಒಲೆ ಮೇಲೆ ಬೇಯಿಸಿ ನೂಲು ತೆಗೆಯೋ ಜನ. ಇದನ್ನ ಒಲೆ ಹತ್ರ ತಗೊಂಡೋದ್ರೆ ಆಮೇಲೆ ನಮ್ಮನ್ನೇ ಬೂದಿಯಿಂದ ಹೆಕ್ಕಿ ತೆಗೀಬೇಕಾಗತ್ತೆ!"

ಬಾಗಿಲು ಕಾಯುವವನು ಒಳಗೆ ಕುಳಿತಿದ್ದ ರಾಮಲಕ್ಷ್ಮಮ್ಮನವರನ್ನು ಕೂಗಿ ಕೇಳಿದ. "ಅಮ್ಮಾ, ಈ ಚೀಲ ನಿಮ್ದಂತೆ, ಹೌದಾ?"

ಆಕೆ ತಮ್ಮ ಆರು ಚೀಲಗಳ ಗೂಡಿನ ರಾಶಿಯ ಮುಂದೆ ಅಡ್ಡವಾಗಿ ನಿಂತರು. "ಅಲ್ಲ."

"ಚೀಲ ಹಿಡ್ಕೊಂಡಿರೋರು?"

ರಾಮಲಕ್ಷ್ಮಮ್ಮನವರು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅವರು ನಮ್ಮೋರೇ. ಆದ್ರೆ ಒಳಗೆ ಬಿಡಬೇಡಿ ಸಾರ್, ರೇಟು ಬೀಳತ್ತೆ."

ರೇಟು ಬೀಳಲಿಲ್ಲ. ಆ ದಿನದ ಬಿಳಿ ಗೂಡಿನಲ್ಲಿ ರಾಮಲಕ್ಷ್ಮಮ್ಮನವರ ರಾಶಿಗೇ ಎಲ್ಲಕ್ಕಿಂತ ಹೆಚ್ಚಿನ ದರ ಬಂದಿತು. ಆಕೆ ನಗುತ್ತಾ ಹೊರಬಂದು, ಏಳನೆಯ ಚೀಲವನ್ನು ಆವಲಪ್ಪನ ಟ್ರ್ಯಾಕ್ಟರಿನಲ್ಲೇ ವಾಪಸ್ ಕಳಿಸಿ ಕಾಂಪೌಂಡಿನ ಗೋಡೆಗೆ ಒರಗಿ ಕುಳಿತಿದ್ದ ಗಂಡನನ್ನು ಒಂದು ಮಾತೂ ಬೈಯಲಿಲ್ಲ. "ಏಳಿ, ಬಸ್ಸು ಬಂತು," ಎಂದರು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತೆಂದು ವೆಂಕಟರವಣಪ್ಪನವರಿಗೆ ಅನ್ನಿಸಿತು.

ಬಸ್ಸು ಹತ್ತಿ ಕುಳಿತು ಎರಡು ನಿಮಿಷವಾಗಿಲ್ಲ, ಕಂಡಕ್ಟರು ಮೂಗನ್ನು ಮೇಲೆತ್ತಿ ಸಾಲು ಸಾಲಾಗಿ ಹುಡುಕುತ್ತಾ ಬಂದ.

"ಯಾರ್ರೀ ಅದು ಪೆಟ್ರೋಲ್ ತಂದಿರೋದು? ಬಸ್ಸಲ್ಲಿ ತರಂಗಿಲ್ಲ. ಅಮ್ಮಾ, ಇಲ್ಲಿಂದಲೇ ವಾಸನೆ ಬರ್ತಿದೆ. ಕ್ಯಾನ್ ಎಲ್ಲಿಟ್ಟಿದ್ದೀರಾ?"

"ಕ್ಯಾನ್ ಅಲ್ಲಪ್ಪ," ಎಂದರು ರಾಮಲಕ್ಷ್ಮಮ್ಮನವರು ಸಂಕೋಚದಿಂದ. "ನಮ್ಮ ಯಜಮಾನ್ರು."

ಕಂಡಕ್ಟರು ಬಗ್ಗಿ ಯಜಮಾನರ ಭುಜವನ್ನು ಒಮ್ಮೆ ಮೂಸಿ ತಲೆಯಾಡಿಸಿದ. "ಯಾರಾದ್ರೂ ಅಷ್ಟೇ ಅಮ್ಮಾ. ರೂಲ್ಸ್ ರೂಲ್ಸೇ. ಇಳಿಸ್ಬಿಡಿ."

ವೆಂಕಟರವಣಪ್ಪನವರು ಆಸೆಯಿಂದ ಹೆಂಡತಿಯ ಮುಖ ನೋಡಿದರು. ಆಕೆ ಕಾಲುಗಳನ್ನು ಪಕ್ಕಕ್ಕೆ ಸರಿಸಿ ಅವರಿಗೆ ಇಳಿಯಲು ದಾರಿ ಮಾಡಿಕೊಟ್ಟರು.

ಬಸ್ಸು ಹೊರಟಿತು. ಹತ್ತು ಮಾರು ಹೋದ ಮೇಲೆ ಕಿಟಕಿಯಿಂದ ರಾಮಲಕ್ಷ್ಮಮ್ಮನವರ ತಲೆ ಹೊರಬಂತು. ಇಪ್ಪತ್ತೆಂಟು ವರ್ಷಗಳ ದಾಂಪತ್ಯದ ಕಕ್ಕುಲಾತಿಯನ್ನೆಲ್ಲ ದನಿಗೆ ತುಂಬಿಕೊಂಡು ಆಕೆ ಕೂಗಿದರು:

"ರೀ! ನಡ್ಕೊಂಡೇ ಬನ್ನೀ! ಮನೆ ಸೇರೋ ಹೊತ್ತಿಗೆ ಗಾಳಿಗೆ ಆರಿರತ್ತೆ!"