ನಾನು ಪಾಸ್‌ವರ್ಡ್ ಭದ್ರ ಮಾಡಿದ್ದು

ಭದ್ರವಾಗಿಡುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವರ್ಷವಿಡೀ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದಂತೆ ನೋಡಿಕೊಂಡವಳು ನಾನು. ಆದ್ದರಿಂದ ಮೊಮ್ಮಗಳು ರಮ್ಯ ಒಂದು ಲಕೋಟೆ ಕೊಟ್ಟು, "ಅಜ್ಜಿ, ಸೋಮವಾರದವರೆಗೂ ಇದನ್ನ ಬೀರೂಲಿ ಇಟ್ಟಿರು" ಎಂದಾಗ, ಹುಡುಗಿ ಸರಿಯಾದ ಜಾಗಕ್ಕೇ ಬಂದಿದ್ದಾಳೆ ಅನ್ನಿಸಿತು.

ರಮ್ಯ ನಮ್ಮ ದೊಡ್ಡಬಳ್ಳಾಪುರದ ನೇಕಾರರ ಸಂಘವೊಂದಕ್ಕೆ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತಿದ್ದಾಳೆ. ಅವಳ ಮೊದಲ ಸ್ವಂತ ಕೆಲಸ! ಬರೆಯುವಾಗಲೇ ಎದೆ ಉಬ್ಬುತ್ತಿದೆ, ಸ್ವಲ್ಪ ತಡೆದುಕೊಳ್ಳಿ. ಸದಸ್ಯರ ಹೆಸರು, ಆಧಾರ್ ನಂಬರು, ಫೋನು, ಮಗ್ಗದ ವಿವರ ಎಲ್ಲವೂ ಡೇಟಾಬೇಸ್ ಎಂಬಲ್ಲಿ ಸೇರಿವೆಯಂತೆ. ಅದು ಭದ್ರವಾಗಿದೆಯೇ ಎಂದು ಪರೀಕ್ಷಿಸಲು ಸೋಮವಾರ ಬೆಂಗಳೂರಿನಿಂದ ಒಬ್ಬ ಮೇಡಂ ಬರುವವರಿದ್ದರು. ಪಾಸಾದರೆ ಸಂಘದ ಕೆಲಸ ರಮ್ಯಳಿಗೇ ಕಾಯಂ. ಇಲ್ಲದಿದ್ದರೆ ಇಲ್ಲ.

"ಅದೆಲ್ಲಾ ಎಲ್ಲಿರುತ್ತೆ ಮಗಾ?" ಎಂದು ಕೇಳಿದೆ.

"ಕಂಟೇನರ್ ಅಂತ. ಕಂಪ್ಯೂಟರ್ ಒಳಗೇ ಒಂದು ಡಬ್ಬ ಅಂದ್ಕೋ ಅಜ್ಜಿ. ಡೇಟಾಬೇಸ್ ನಡಿಯೋಕೆ ಎಷ್ಟು ಬೇಕೋ ಅಷ್ಟೇ ಅದ್ರಲ್ಲಿ ಇಟ್ಟಿದೀನಿ. ಬೇಡದ್ದೆಲ್ಲಾ ಕಿತ್ತಾಕಿದೀನಿ. ಕಳ್ಳ ನುಗ್ಗಿದ್ರೂ ಕೈಗೆ ಒಂದು ಸೌಟೂ ಸಿಗಲ್ಲ."

"ಉಪ್ಪಿನಕಾಯಿ ಜಾಡಿ ಕಣೇ ಇದು!"

"ಹೂಂ, ಹಂಗೇ. ಒಳಗೆ ಕೆಲ್ಸ ಮಾಡೋನಿಗೂ ಯಜಮಾನಿಕೆ ಕೊಟ್ಟಿಲ್ಲ. ಹೇಳಿದಷ್ಟು ಮಾಡ್ಬೇಕು, ಬೇರೆ ಏನೂ ಮುಟ್ಟಂಗಿಲ್ಲ."

ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ತಲೆ ಎತ್ತದೆ ಹೇಳಿದರು: "ನಾನೂ ಈ ಮನೇಲಿ ನಲವತ್ತೈದು ವರ್ಷದಿಂದ ಹಂಗೇ ಇದೀನಮ್ಮಾ."

ಪಾಸ್‌ವರ್ಡನ್ನು ಮಾತ್ರ ಡಬ್ಬದೊಳಗೆ ಇಡಬಾರದಂತೆ. ತುರ್ತಿಗೆಂದು ಅದನ್ನು ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಮೇಡಂ ನೋಡಿದ ಮೇಲೆ ಸಂಘಕ್ಕೆ ಒಪ್ಪಿಸಬೇಕು. ಅದೇ ಸದರಿ ಲಕೋಟೆ. "ಇದೊಂದೇ ಪ್ರತಿ, ಜೋಪಾನ" ಎಂದು ಹೇಳಿ ರಮ್ಯ ಹೊರಟಳು.

ಒಂದೇ ಪ್ರತಿ! ನನಗೆ ಊಟ ಸೇರಲಿಲ್ಲ. ನಮ್ಮ ಬೀದಿಯಲ್ಲಿ ಒಂದೇ ಬೀಗದ ಕೈ ಇರುವ ಮನೆ ಯಾವುದಿದೆ? ನಮ್ಮ ಮನೆಯ ಇನ್ನೊಂದು ಕೈ ಪಕ್ಕದ ಮನೆ ಪುಟ್ಟಮ್ಮನ ಗೋಡೆಯ ಮೊಳೆಯಲ್ಲಿ, ಪುಟ್ಟಮ್ಮನದು ನಮ್ಮ ದೇವರ ಗೂಡಿನಲ್ಲಿ. ಮನೆಗೇ ಹೀಗಿರುವಾಗ ಮೊಮ್ಮಗಳ ಡಬ್ಬಕ್ಕೆ ಬೇಡವೇ?

ಲಕೋಟೆಯನ್ನು ಇಡ್ಲಿ ಪಾತ್ರೆಯ ಆವಿಗೆ ಹಿಡಿದೆ. ಬಾಯಿ ಬಿಟ್ಟಿತು. ಒಳಗೆ ಇಪ್ಪತ್ತು ಇಂಗ್ಲಿಷ್ ಅಕ್ಷರ, ನಡುನಡುವೆ ನಕ್ಷತ್ರ, ಕೊಕ್ಕೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇಂಗ್ಲಿಷ್ ಬಾರದು. ಆದರೆ ರಂಗೋಲಿ ಬರುತ್ತದಲ್ಲ! ಗೆರೆ ನೋಡಿ ಇನ್ನೊಂದು ಚೀಟಿಯ ಮೇಲೆ ಗೆರೆ ಎಳೆದೆ. ಅನ್ನದ ಅಗುಳು ಹಚ್ಚಿ ಲಕೋಟೆಯನ್ನು ಮೊದಲಿನಂತೆ ಅಂಟಿಸಿದೆ. ನನ್ನ ಚೀಟಿಯನ್ನು ಪುಟ್ಟಮ್ಮನಿಗೆ ಕೊಟ್ಟು ಬಂದ ಮೇಲೆ ಎರಡು ಮುದ್ದೆ ಉಂಡೆ.

ಸೋಮವಾರ ಮೇಡಂ ಬಂದರು. ರಮ್ಯ ಕೆಲಸ ಮಾಡುವುದು ನಮ್ಮ ನಡುಮನೆಯಲ್ಲಿ, ಹಾಗಾಗಿ ಮನೆಗೇ ಬಂದರು. ಅವರು ಕೇಳಿದ್ದಕ್ಕೆಲ್ಲ ರಮ್ಯ ಪಟಪಟ ಉತ್ತರ ಕೊಟ್ಟಳು. ಮೇಡಂ ಒಂದೊಂದು ಟಿಕ್ ಹಾಕಿದಾಗಲೂ ನಾನು ಅವರ ತಟ್ಟೆಗೆ ಒಂದೊಂದು ಕೋಡುಬಳೆ ಇಟ್ಟೆ. ತಟ್ಟೆ ತುಂಬಿತು. ಕೊನೆಯ ಸರದಿ ಲಕೋಟೆಯದು.

ಮೇಡಂ ಅದನ್ನು ಬೆಳಕಿಗೆ ಹಿಡಿದರು. "ಇದೇನು, ಅನ್ನ ಅಂಟ್ಕೊಂಡಿದೆ?"

ಸುಮ್ಮನಿರಬಹುದಿತ್ತು. ಆದರೆ ಸಂತೋಷ ತಡೆಯಬೇಕಲ್ಲ! "ಗಾಬರಿ ಬೇಡ ಮೇಡಂ, ಇನ್ನೊಂದು ಪ್ರತಿ ಪುಟ್ಟಮ್ಮನ ಮನೇಲಿ ಭದ್ರವಾಗಿದೆ!" ಎಂದೆ.

ಮೇಡಂ ಟಿಕ್ ಹಾಕುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

"ಅಜ್ಜೀ..." ಎಂದಳು ರಮ್ಯ. ಅವಳ ಕಣ್ಣಲ್ಲಿ ನೀರು ನೋಡಿ ನನ್ನ ಕಾಲು ತಾನಾಗಿ ಓಡಿತು.

"ಪುಟ್ಟಮ್ಮಾ, ಚೀಟಿ ಕೊಡೇ!"

"ಎಲ್ ಹೋಗ್ತದೆ ಜಯಕ್ಕಾ? ಅಕ್ಕಿ ಡ್ರಮ್ಮಲ್ಲಿ ಐತೆ. ಇಲಿ ಗಿಲಿ ಕಡದ್ರೆ ಕಷ್ಟ ಅಂತ ಫೋಟೋ ತೆಗ್ದು ಭಜನೆ ಗ್ರೂಪಿಗೂ ಹಾಕ್ಬಿಟ್ಟೆ. ನಿನ್ ಮೊಮ್ಮಗಳು ಅಂದ್ರೆ ನಂಗೂ ಮೊಮ್ಮಗಳೇ ಅಲ್ವಾ?"

ಅವಳ ಫೋನು ನೋಡಿದೆ. ಹದಿನೆಂಟು ಜನ ಕೈ ಮುಗಿದಿದ್ದರು. ಒಬ್ಬಾಕೆ, "ದಿನಕ್ಕೆ ಎಷ್ಟು ಸಲ ಜಪಿಸಬೇಕು?" ಎಂದು ಕೇಳಿದ್ದಳು!

ಫೋನನ್ನೇ ತಂದು ಮೇಡಂ ಮುಂದಿಟ್ಟೆ. ಅವರು ತಮ್ಮ ಲ್ಯಾಪ್‌ಟಾಪ್ ತೆರೆದು, ಪುಟ್ಟಮ್ಮ ಹಾಕಿದ ಫೋಟೋ ನೋಡಿಕೊಂಡು ಒಂದೊಂದೇ ಅಕ್ಷರ ಒತ್ತಿದರು. ನಾನು ಮನೆದೇವರಿಗೆ ಹರಕೆ ಹೊತ್ತೆ. ಡಬ್ಬ ತೆರೆಯಲಿಲ್ಲ. ಮತ್ತೊಮ್ಮೆ ಒತ್ತಿದರು. ಆಗಲೂ ಇಲ್ಲ.

"ಸಂಘದ ಕಂಪ್ಯೂಟರ್, ನನ್ನ ಕಂಪ್ಯೂಟರ್ ಎರಡು ಬಿಟ್ಟು ಬೇರೆ ಎಲ್ಲಿಂದ ತಟ್ಟಿದ್ರೂ ಬಾಗಿಲು ತೆಗೆಯಲ್ಲ ಮೇಡಂ. ಪಾಸ್‌ವರ್ಡ್ ಗೊತ್ತಿದ್ರೂ ಅಷ್ಟೇ." ರಮ್ಯ ತನ್ನ ಕಂಪ್ಯೂಟರನ್ನು ಅವರ ಕಡೆಗೆ ತಿರುಗಿಸಿದಳು. "ಈಗ ನೀವು ಎರಡು ಸಲ ತಟ್ಟಿದ್ದು ಇಲ್ಲಿ ದಾಖಲಾಗಿದೆ ನೋಡಿ. ಹೊರಗಿನಿಂದ ಬೇರೆ ಯಾರೂ ತಟ್ಟಿಲ್ಲ."

ಹಾಗೆನ್ನುತ್ತಲೇ ಹಳೆಯ ಪಾಸ್‌ವರ್ಡ್ ತೆಗೆದು ಹೊಸದು ಹಾಕಿಬಿಟ್ಟಳು. ಮೇಡಂ ಕಾಫಿ ಇನ್ನೂ ಆರಿರಲಿಲ್ಲ. ಅವರು ಮೊದಲ ಸಲ ಒಂದು ಕೋಡುಬಳೆ ಮುರಿದರು.

ಗುರುವಾರ ವರದಿ ಬಂತು. ಪಾಸು! ಕೆಲಸ ಕಾಯಂ! ನಾನು ಬೀದಿಗೆಲ್ಲ ಸಕ್ಕರೆ ಹಂಚಿ ಬಂದು, "ಪೂರ್ತಿ ಓದೇ" ಎಂದೆ. ರಮ್ಯ ಕನ್ನಡಕ್ಕೆ ತಿರುಗಿಸಿ ಓದಿದಳು. ಎಲ್ಲ ಚೆನ್ನಾಗಿತ್ತು. ಕಡೆಯಲ್ಲಿ ಒಂದೇ ಟಿಪ್ಪಣಿ: "ಕಂಟೇನರಿನಲ್ಲಿ ದೋಷ ಕಂಡುಬಂದಿಲ್ಲ. ಕಂಡುಬಂದ ಏಕೈಕ ದೋಷ: ಮನೆಯ ಹಿರಿಯ ಮಹಿಳೆ. ಮೂವತ್ತು ದಿನಗಳೊಳಗೆ ಸರಿಪಡಿಸತಕ್ಕದ್ದು."

ಯಜಮಾನರು ಕನ್ನಡಕ ತೆಗೆದರು. "ಮೂವತ್ತು ದಿನ ಸಾಕಾಗಲ್ಲ ಅಂತ ಬರ್ದು ಕಳ್ಸಮ್ಮ. ನಂಗೇ ಇನ್ನೂ ಆಗಿಲ್ಲ."

ಮೂವತ್ತು ದಿನದೊಳಗೆ ಸರಿಹೋಗಿಯೇ ತೀರುತ್ತೇನೆ ಎಂದು ನಾನು ಹಟ ಹಿಡಿದೆ. ಇವತ್ತಿಗೆ ಹತ್ತೊಂಬತ್ತನೆಯ ದಿನ. ನನ್ನಲ್ಲಿ ತುಂಬಾ ಸುಧಾರಣೆಯಾಗಿದೆ. ಹೊಸ ಲಕೋಟೆ ಸಂಘದ ಆಫೀಸಿನಲ್ಲಿ, ಗೋಡೆ ಗಡಿಯಾರದ ಕೆಳಗಿನ ಹಸಿರು ಪೆಟ್ಟಿಗೆಯಲ್ಲಿದೆ. ಈ ಗುಟ್ಟನ್ನು ಪುಟ್ಟಮ್ಮನಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ.

ಅಯ್ಯೋ, ನಿಮಗೆ ಹೇಳಿಬಿಟ್ಟೆನಲ್ಲ!